82 ಗ್ರಾಂ ಬೆಳಕು

ಅಡುಗೆಮನೆ ತಕ್ಕಡಿಯಲ್ಲಿ ಇವತ್ತು ಎರಡು ಹೆಡ್‌ಲ್ಯಾಂಪ್ ತೂಗಿದೆ.
ಹಳೆಯದು, ಹಿಂದುಗಡೆ ಬ್ಯಾಟರಿ ಡಬ್ಬಿ ಇರೋದು, 210 ಗ್ರಾಂ. ಹೊಸದು ಮೂರು ಸಣ್ಣ ಸೆಲ್ ಹಾಕಿಯೂ 82.

ಹೊಸದನ್ನ ಹಣೆಗೆ ಕಟ್ಕೊಂಡು ಪಾತ್ರೆ ತೊಳೆದೆ. ಬಗ್ಗಿದ್ರೂ ಜಾರಲಿಲ್ಲ. ಆಮೇಲಾಮೇಲೆ ಕಟ್ಟಿದ್ದೇ ಮರೆತುಹೋಯ್ತು.
ಹಳೆಯದು ಹೆಜ್ಜೆಹೆಜ್ಜೆಗೂ ಕುಣೀತಿತ್ತು. ಕುಮಾರಪರ್ವತ ಇಳಿಯೋವಾಗ ಗಿರಿಗದ್ದೆ ಹತ್ತಿರ ಕತ್ತಲಾಗಿ, ಕಲ್ಲು ಯಾವುದು ಬೇರು ಯಾವುದು ಗೊತ್ತಾಗದೆ ನಿಂತುಬಿಟ್ಟಿದ್ದೆ.

ಅಂಗಡಿಯವರು 1000 ಲುಮೆನ್ನಿನದು (ಲುಮೆನ್ ಅಂದ್ರೆ ಬೆಳಕಿನ ಅಳತೆ) ತೋರಿಸಿದ್ರು. ಕಾಲುದಾರಿಗೆ 100-150 ಸಾಕು ಕಣ್ರೀ. ಟೆಂಟ್ ಒಳಗೆ 10 ಇದ್ರೂ ಧಾರಾಳ. ಘಟ್ಟದ ಮಂಜಲ್ಲಂತೂ ಹಣೆ ಮೇಲಿನ ಜೋರು ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತೆ. ಬಿಚ್ಚಿ ಸೊಂಟದ ಹತ್ತಿರ ಹಿಡ್ಕೊಂಡ್ರೆ ದಾರಿ ಕಾಣುತ್ತೆ.

ನಾನು ಮನಸೋತಿದ್ದು ಈ ಹೊಸದರ ಕೆಂಪು ದೀಪಕ್ಕೆ.
ಕಣ್ಣು ಕತ್ತಲೆಗೆ ಚೆನ್ನಾಗಿ ಒಗ್ಗೋಕೆ 20-30 ನಿಮಿಷ ಬೇಕು. ಒಂದು ಸಲ ಬಿಳಿ ಬೆಳಕು ಬಿದ್ರೆ ಮತ್ತೆ ಮೊದಲಿಂದ. ಮಂದ ಕೆಂಪು ಅಷ್ಟು ಕೆಡಿಸಲ್ಲ. ಚಹಾ ಕಾಯಿಸ್ಕೊಂಡು ತಲೆ ಎತ್ತಿದ್ರೆ ನಕ್ಷತ್ರ ಇದ್ದಲ್ಲೇ ಇರ್ತವೆ.
ಪಕ್ಕದಲ್ಲಿ ಮಲಗಿದವರ ಮುಖಕ್ಕೂ ಹೊಡೆಯಲ್ಲ.

ಅಮ್ಮನಿಗೂ ಒಂದು ತರಬೇಕು. ಕರೆಂಟ್ ಹೋದಾಗ ಒಂದು ಕೈಲಿ ಟಾರ್ಚ್ ಹಿಡ್ಕೊಂಡೇ ಒಗ್ಗರಣೆ ಹಾಕ್ತಾಳೆ.