ಪಾವ್ಲೋವಾ ಪ್ರಾಜೆಕ್ಟ್: ಈ ಸಲ ಸಕ್ಕರೆಯ ಲೆಕ್ಕ

ಪಾವ್ಲೋವಾ, ಅಂದರೆ ಮೊಟ್ಟೆಯ ಬಿಳಿಯನ್ನು ಸಕ್ಕರೆ ಹಾಕಿ ನೊರೆಯಾಗಿ ಕಡೆದು ಓವನ್ನಿನಲ್ಲಿ ಬೇಯಿಸುವ ಸಿಹಿ, ಈಗ ಕೈಗೆ ಹತ್ತಿದೆ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಇಲ್ಲಿ ಮೆಲ್ಬರ್ನ್‌ನಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ, ಆಗ ಇದಿಲ್ಲದೆ ಊಟ ಮುಗಿಯುವುದಿಲ್ಲ. 1926ರಲ್ಲಿ ಇಲ್ಲಿಗೆ ಬಂದಿದ್ದ ರಷ್ಯದ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಹೆಸರು ಇದಕ್ಕೆ. ಮೊದಲು ಮಾಡಿದವರು ನಾವೇ ಅಂತ ನ್ಯೂಜಿಲೆಂಡಿನವರೂ ಜಗಳಕ್ಕೆ ಬರುತ್ತಾರೆ, ಬಿಡಿ.

ಜಿಮ್‌ಗೆ ಹೋಗುವ ಗೆಳೆಯನೊಬ್ಬ, 'ಮೊಟ್ಟೆಯ ಬಿಳಿ ತಾನೇ, ಬರೀ ಪ್ರೋಟೀನ್' ಅಂತ ಇನ್ನೊಂದು ತುಂಡು ಹಾಕಿಸಿಕೊಂಡ. ಹೌದಾ ಅಂತ ತಕ್ಕಡಿ ಹಿಡಿದು ಕೂತೆ.

ನನ್ನ ಅಳತೆ: 4 ಮೊಟ್ಟೆಯ ಬಿಳಿ, 220 ಗ್ರಾಂ ಸಕ್ಕರೆ, ಒಂದು ಚಮಚ ಕಾರ್ನ್‌ಫ್ಲೋರ್, ಸ್ವಲ್ಪ ವಿನೆಗರ್. ಒಂದು ದೊಡ್ಡ ಮೊಟ್ಟೆಯ ಬಿಳಿಯಲ್ಲಿ ಸುಮಾರು 17 ಕ್ಯಾಲೊರಿ, 3.6 ಗ್ರಾಂ ಪ್ರೋಟೀನ್, ಕೊಬ್ಬು ಇಲ್ಲವೆಂದೇ ಹೇಳಬಹುದು. ಇಲ್ಲಿಯವರೆಗೆ ಗೆಳೆಯನ ಮಾತು ಸರಿ. ಆದರೆ ಎಂಟು ತುಂಡು ಮಾಡಿದರೆ ಒಬ್ಬರಿಗೆ ಸಿಗುವ ಪ್ರೋಟೀನ್ 2 ಗ್ರಾಂ ಕೂಡ ಇಲ್ಲ. ಸಕ್ಕರೆ ಮಾತ್ರ 27 ಗ್ರಾಂ ದಾಟುತ್ತದೆ! ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಇಂಥ ಸಕ್ಕರೆ 50 ಗ್ರಾಂ ಮೀರಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಳಿಯಲ್ಲಿರುವುದು ಹೆಚ್ಚಾಗಿ ನೀರು, ಅದೂ ಓವನ್ನಿನಲ್ಲಿ ಆರಿಹೋಗುತ್ತದೆ. ಪೂರ್ತಿ ಒಣಗಿಸಿದರೆ ಉಳಿಯುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಕ್ಕರೆಯೇ. ಹಗುರವಾಗಿದೆ ಅಂತ ನಾವು ಮೋಸ ಹೋಗುವುದು ಇಲ್ಲೇ.

ಹಾಗಾದರೆ ಸಕ್ಕರೆ ಇಳಿಸಿದರಾಯಿತು, ಅಲ್ವಾ? ಸುಮ್ನೆ ಇಳಿಸಲು ಬರುವುದಿಲ್ಲ. ಅದು ರುಚಿಗೆ ಮಾತ್ರ ಇರುವುದಲ್ಲ, ನೊರೆಯಲ್ಲಿರುವ ನೀರನ್ನು ಹಿಡಿದಿಟ್ಟು ಗುಳ್ಳೆ ಒಡೆಯದಂತೆ ಕಾಯುತ್ತದೆ. 160 ಗ್ರಾಂಗೆ ಇಳಿಸಿ ನೋಡಿದೆ. ನಿಂತಿತು, ಆದರೆ ಮೇಲಿನ ಪದರ ತೆಳುವಾಯಿತು, ಬುಡದಲ್ಲಿ ಸ್ವಲ್ಪ ಪಾಕ ಒಸರಿತು. ಅವತ್ತೇ ತಿಂದು ಮುಗಿಸುವುದಾದರೆ ಪರವಾಗಿಲ್ಲ. ಇದಕ್ಕಿಂತ ಕೆಳಗೆ ಇಳಿಯುವ ಆಸೆ ನನಗಿಲ್ಲ.

ಹೆಚ್ಚಿನ ಉಳಿತಾಯ ಇರುವುದು ಮೇಲಿನ ಅಲಂಕಾರದಲ್ಲಿ. 300 ಮಿಲಿ ವಿಪ್ಪಿಂಗ್ ಕ್ರೀಮ್ ಅಂದರೆ ಸುಮಾರು 1000 ಕ್ಯಾಲೊರಿ, ಅಡಿಯ ಪೂರ್ತಿ ಪಾವ್ಲೋವಾದಷ್ಟೇ! ಅರ್ಧ ಕ್ರೀಮ್ ತೆಗೆದು ಗಟ್ಟಿ ಗ್ರೀಕ್ ಮೊಸರು ಬೆರೆಸಿದೆ. ಸಕ್ಕರೆ 160 ಗ್ರಾಂಗೆ ಇಳಿಸಿದ್ದೂ ಸೇರಿ ತುಂಡಿಗೆ ಸುಮಾರು 245 ಕ್ಯಾಲೊರಿ ಇದ್ದದ್ದು 175ರ ಹತ್ತಿರಕ್ಕೆ ಬಂತು, ಪ್ರೋಟೀನ್ ಚೂರು ಏರಿತು. ಮೊಸರಿನ ಹುಳಿ ಆ ಸಿಹಿಗೆ ಚೆನ್ನಾಗಿ ಹೊಂದುತ್ತದೆ, ನನಗಂತೂ ಮೊದಲಿನದಕ್ಕಿಂತ ಇದೇ ಇಷ್ಟ. ಮೇಲೆ ಪ್ಯಾಶನ್ ಫ್ರೂಟ್, ಬೀಜ ಸಮೇತ. ನಾರು, ವಿಟಮಿನ್ ಸಿ ಎರಡೂ ಅದರಿಂದಲೇ. ಕೊಡಗಿನ ಕಡೆ ಇದರ ಜ್ಯೂಸ್ ಕುಡಿದವರಿಗೆ ಆ ಪರಿಮಳ ಗೊತ್ತು.

ಉಳಿದ ಹಳದಿಗಳನ್ನು ಚೆಲ್ಲಬೇಡಿ. ವಿಟಮಿನ್ ಎ, ಡಿ, ಕೋಲೀನ್ ಎಂಬ ಪೋಷಕಾಂಶ ಎಲ್ಲ ಅಲ್ಲೇ ಇರುವುದು. ನಮ್ಮ ಮನೆಯಲ್ಲಿ ಮಾರನೇ ದಿನ ಈರುಳ್ಳಿ, ಹಸಿಮೆಣಸು ಹಾಕಿ ಆಮ್ಲೆಟ್.

ಮುಂದಿನದು ಮೊಟ್ಟೆ ತಿನ್ನದವರಿಗೆ: ಕಾಬೂಲಿ ಕಡಲೆ ಬೇಯಿಸಿದ ನೀರಿನ ನೊರೆ. ಅದರಲ್ಲಿ ಪ್ರೋಟೀನ್ ಇನ್ನೂ ಕಡಿಮೆ, ಸಕ್ಕರೆ ಮಾತ್ರ ಇಷ್ಟೇ ಬೇಕು.