ತೆಗೆಯದೆ ಉಳಿದ ಟೇಪು

ವಿಮಾನ ತೊಳೆದು ಪಾಲಿಶ್ ಮಾಡುವಾಗ ಸ್ಟ್ಯಾಟಿಕ್ ಪೋರ್ಟ್‌ಗಳಿಗೆ, ಅಂದರೆ ಹೊರಗಿನ ಗಾಳಿಯೊತ್ತಡ ಅಳೆಯಲು ವಿಮಾನದ ಮೈಯಲ್ಲಿರುವ ಸಣ್ಣ ತೂತುಗಳಿಗೆ, ನೀರು ಹೋಗದಂತೆ ಮುಚ್ಚಲೇಬೇಕು. ಆಮೇಲೆ ತೆಗೆಯುವುದು ಅದಕ್ಕಿಂತ ದೊಡ್ಡ ಕೆಲಸ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಸ್ಯಾಂಟಿಯಾಗೊಗೆ ಹೊರಟ ಏರೋಪೆರು ಬೋಯಿಂಗ್ 757ರಲ್ಲಿ ಟೇಪು ಹಾಗೇ ಉಳಿದಿತ್ತು. ಎತ್ತರ, ವೇಗ, ಏರಿಳಿತ ಮೂರನ್ನೂ ಅಳೆಯಲು ಆ ಸಣ್ಣ ತೂತುಗಳ ಗಾಳಿಯೊತ್ತಡ ಬೇಕೇ ಬೇಕು. ರಾತ್ರಿ, ಕೆಳಗೆ ಸಮುದ್ರ. ಎತ್ತರ ಎಷ್ಟೆಂದು ನಿಯಂತ್ರಣ ಕೇಂದ್ರವನ್ನು ಕೇಳಿದರೆ ಅಲ್ಲಿಂದ ಬಂದದ್ದೂ ವಿಮಾನದ ಟ್ರಾನ್ಸ್‌ಪಾಂಡರ್ (ಎತ್ತರವನ್ನು ಕೇಂದ್ರಕ್ಕೆ ತಾನೇ ತಿಳಿಸುವ ರೇಡಿಯೊ ಸಾಧನ) ಕಳಿಸಿದ ಅದೇ ತಪ್ಪು ಅಂಕಿ! ವಿಮಾನ ಸಮುದ್ರಕ್ಕೆ ಬಿದ್ದು 70 ಜನ ಸತ್ತರು.

ಬೆಳ್ಳಿ ಬಣ್ಣದ ಟೇಪು ವಿಮಾನದ ಮೈಯಲ್ಲಿ ಬೆರೆತುಹೋಗುತ್ತದೆ. ಕೆಂಪು ಪಟ್ಟಿ ನೇತಾಡುವ ಮುಚ್ಚಳವನ್ನೇ ಹಾಕಿ, ಎಷ್ಟು ಹಾಕಿದಿರೆಂದು ಆಗಲೇ ಲಾಗ್‌ಬುಕ್‌ನಲ್ಲಿ ಬರೆಯಿರಿ. ಸಹಿಗೆ ಮುಂಚೆ ಪ್ರತಿ ಪೋರ್ಟನ್ನೂ ಟಾರ್ಚ್ ಬಿಟ್ಟು ಕಣ್ಣಾರೆ ನೋಡಿ. ಹೊಳೆಯುವ ವಿಮಾನ ಕಂಡರೆ ಈಗಲೂ ಕಣ್ಣು ಮೊದಲು ಆ ತೂತುಗಳತ್ತಲೇ ಹೋಗುತ್ತದೆ.