ಗೆರೆಯ ಕೆಳಗೆ ಇಸವಿ ಬರೆಸಿದ ಮೇಷ್ಟ್ರು

ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ತೀರಿಕೊಂಡರೆಂದು ತಿಳಿದಾಗಿನಿಂದ ಆ ತರಗತಿಯ ಬೋರ್ಡೇ ಕಣ್ಣಿಗೆ ಕಟ್ಟುತ್ತಿದೆ. ಸಿಲಬಸ್ಸಿನಲ್ಲಿ ಏನೇನಿತ್ತೋ ಮರೆತೇಹೋಗಿದೆ. ಯಾವ ಗೆರೆ ಎಳೆದರೂ ಅದರ ಕೆಳಗೆ ದೇಶ, ಇಸವಿ ಬರೆಯದೆ ಅವರು ಮುಂದೆ ಹೋಗುತ್ತಿರಲಿಲ್ಲ. ನಾವು ಬರೆಯದಿದ್ದರೆ ಅಂಕ ಖೋತಾ.

ಫಿಲಿಪ್ಸ್ ರೇಖೆಯ ಪಾಠವಾದ ಮರುದಿನ ನಾವು ಹಿಂದಿನ ಬೆಂಚಿನವರು ಒಂದು ಕಿತಾಪತಿ ಮಾಡಿದೆವು. ಬ್ರಿಟನ್ನಿನ 1861ರಿಂದ 1957ರವರೆಗಿನ ಲೆಕ್ಕ ಹಿಡಿದು, ನಿರುದ್ಯೋಗ ಕಡಿಮೆಯಿದ್ದಾಗ ಕೂಲಿ ಬೇಗ ಏರುತ್ತದೆಂದು ಅರ್ಥಶಾಸ್ತ್ರಜ್ಞ ಫಿಲಿಪ್ಸ್ 1958ರಲ್ಲಿ ತೋರಿಸಿದ್ದರು. ಆಮೇಲಿನವರು ಕೂಲಿಯ ಜಾಗದಲ್ಲಿ ಹಣದುಬ್ಬರ ಇಟ್ಟರು. ಹೇಗಿಟ್ಟರೂ, ನಿರುದ್ಯೋಗ ಅಡ್ಡ ಅಕ್ಷದಲ್ಲಿರುವುದರಿಂದ ಗೆರೆ ಬಲಕ್ಕೆ ಇಳಿಯಬೇಕು. ನಾವು ಅದನ್ನು ಅಳಿಸಿ, ಮೇಲಕ್ಕೇರುವ ಗೆರೆ ಎಳೆದು ಕೂತೆವು.

ಮೇಷ್ಟ್ರು ಬಂದರು, ನೋಡಿದರು. “ಯಾರಪ್ಪಾ ಎಳೆದಿದ್ದು?” ಯಾರೂ ಉಸಿರೆತ್ತಲಿಲ್ಲ. ಡಸ್ಟರ್ ಮುಟ್ಟದೆ, ಸೀಮೆಸುಣ್ಣ ತೆಗೆದುಕೊಂಡು ನಮ್ಮ ಗೆರೆಯ ಕೆಳಗೇ ಬರೆದರು: ಅಮೆರಿಕ, 1973–74. ಆ ಒಂದೇ ವರ್ಷದಲ್ಲಿ ಅಲ್ಲಿ ಹಣದುಬ್ಬರ ಸುಮಾರು ಶೇ. 6ರಿಂದ 11ಕ್ಕೆ ಹೋಯಿತು, ನಿರುದ್ಯೋಗವೂ ಜೊತೆಗೇ ಏರಿತು. ಬೆಲೆ ಏರುತ್ತಲೇ ಇರುತ್ತದೆಂದು ಜನಕ್ಕೆ ಖಾತ್ರಿಯಾದರೆ ಕೂಲಿಯನ್ನೂ ಹಾಗೇ ಕೇಳುತ್ತಾರೆ, ಆಗ ಹಳೆಯ ಗೆರೆ ನಿಲ್ಲುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಫ್ರೀಡ್ಮನ್ ಮತ್ತು ಫೆಲ್ಪ್ಸ್ 1960ರ ದಶಕದಲ್ಲೇ ಎಚ್ಚರಿಸಿದ್ದರು. “ಗೆರೆ ಮುರಿದಾಗಲೇ ನಮ್ಮ ಶಾಸ್ತ್ರ ಬೆಳೆದದ್ದು ಕಣ್ರಯ್ಯಾ” ಎಂದು ಪೀರಿಯಡ್ ಪೂರ್ತಿ ಅದನ್ನೇ ಬಿಡಿಸಿ ಹೇಳಿದರು. ಬೈಗುಳಕ್ಕೆ ಕಾದಿದ್ದ ನಮಗೆ ಸಿಕ್ಕಿದ್ದು ಆ ವರ್ಷದ ಅತ್ಯುತ್ತಮ ಪಾಠ.

ಈಗಿನ ಗೈಡುಗಳಲ್ಲಿ ಅದೇ ರೇಖೆ ಬಣ್ಣಬಣ್ಣವಾಗಿರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ಮಕ್ಕಳು ಅದನ್ನು ಎಲ್ಲ ಕಾಲಕ್ಕೂ ಸತ್ಯವೆಂದು ಬಾಯಿಪಾಠ ಮಾಡುತ್ತಾರೆ. ನನಗೆ ಬೇಸರವಾಗುತ್ತದೆ.

ಆ ಬೆಂಚಿನಿಂದ ಸಂಶೋಧನೆಗೆ ಬಂದವನು ನಾನೊಬ್ಬನೇ. ನನ್ನ ಕೈಗೆ ಬಂದ ಯಾವ ಲೇಖನವನ್ನೂ ಮೂಲ ಅಂಕಿಅಂಶ ಕೇಳದೆ ಒಪ್ಪಿದ್ದಿಲ್ಲ. 2013ರಲ್ಲಿ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ಸರ್ಕಾರದ ಸಾಲ ವಿಪರೀತವಾದರೆ ಬೆಳವಣಿಗೆ ಕುಸಿಯುತ್ತದೆಂದಿದ್ದ, ಹಾರ್ವರ್ಡಿನ ಅರ್ಥಶಾಸ್ತ್ರಜ್ಞರಾದ ರೈನ್‌ಹಾರ್ಟ್ ಮತ್ತು ರೋಗಾಫ್ ಅವರ ಪ್ರಸಿದ್ಧ ಲೇಖನದ ಎಕ್ಸೆಲ್ ಹಾಳೆ ತರಿಸಿಕೊಂಡು, ಸರಾಸರಿಯಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದನ್ನು ಹಿಡಿದ. ಲೆಕ್ಕದ ಇತರ ಆಯ್ಕೆಗಳನ್ನೂ ಸರಿಪಡಿಸಿದಾಗ, ಜಿಡಿಪಿಯ ಶೇ. 90ಕ್ಕಿಂತ ಹೆಚ್ಚು ಸಾಲವಿದ್ದ ದೇಶಗಳ ಸರಾಸರಿ ಬೆಳವಣಿಗೆ –0.1 ಹೋಗಿ ಶೇ. 2.2 ಆಯಿತು. ಖುಷಿಯಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು.

“ಆ ಹುಡುಗನ ಲೆಕ್ಕ ನೀನು ಪರೀಕ್ಷಿಸಿದೆಯೇನಯ್ಯಾ?” ಎಂದರು. ಪರೀಕ್ಷಿಸಿದ್ದೆ.